ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಮುದ್ದೆ, ರೊಟ್ಟಿ ಎಲ್ಲಿ?

ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆಯಿಂದ ಬೆಂಗಳೂರಿಗೆ ಹೋಗಿಬರುವವರು ಬೇಕಾದಷ್ಟು ಜನ. ಓದುವ ಮಕ್ಕಳು, ಗಾರ್ಮೆಂಟ್ಸ್ ಕೆಲಸದವರು, ಹೈಕೋರ್ಟಿನ ತಾರೀಖಿಗೆ ಹೋಗುವವರು, ದೊಡ್ಡಾಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರು. ತಿಂಡಿಗೆ ಯಾರಿಗೂ ಯೋಚನೆಯಿಲ್ಲ, ಇಡ್ಲಿ-ವಡೆ ಸಿಗದ ರಸ್ತೆ ಬೆಂಗಳೂರಿನಲ್ಲಿಲ್ಲ. ಮಧ್ಯಾಹ್ನ ಒಂದು ಗಂಟೆಯಾದಾಗ ತೊಂದರೆ ಶುರು. ಅನ್ನ-ಸಾಂಬಾರಿನ ಪ್ಲೇಟ್ ಮೀಲ್ಸ್ ಉಂಡು ಎದ್ದ ನಮ್ಮೂರ ಹಿರಿಯರು ‘ಉಂಡಂಗೇ ಆಗ್ಲಿಲ್ಲ’ ಅನ್ನುತ್ತಾರೆ. ಅವರಿಗೆ ಊಟವೆಂದರೆ ಮುದ್ದೆ ಇಲ್ಲವೇ ರೊಟ್ಟಿ. ಅನ್ನ ಬರಬೇಕಾದದ್ದು ಅದಾದ ಮೇಲೆ.

ಮುದ್ದೆ, ರೊಟ್ಟಿ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಚಿತ್ರದುರ್ಗ ಜಿಲ್ಲೆ ರಾಗಿಯ ಸೀಮೆಗೂ ಜೋಳದ ಸೀಮೆಗೂ ನಡುವಿನ ಗಡಿ. ಹೊಸದುರ್ಗ, ಹೊಳಲ್ಕೆರೆಯ ಕೆಂಪು ನೆಲದಲ್ಲಿ ರಾಗಿ, ಕರಿನೆಲ ಸಿಕ್ಕ ಕಡೆ ಜೋಳ. ಹಿರಿಯೂರಿನಲ್ಲಿ ಎರಡೂ ನೆಲ ಇವೆ, ಹಾಗಾಗಿ ಇಲ್ಲಿಯ ನಾಲಿಗೆ ಎರಡಕ್ಕೂ ಒಗ್ಗಿದೆ. ಮೈಸೂರು ಸೀಮೆಯವರು ಬೆಂಗಳೂರಿನಲ್ಲಿ ಮುದ್ದೆ ಹುಡುಕಿಕೊಂಡು ಒಂದು ಕಡೆ ಹೋಗುತ್ತಾರೆ, ಹುಬ್ಬಳ್ಳಿಯವರು ರೊಟ್ಟಿ ಹುಡುಕಿಕೊಂಡು ಇನ್ನೊಂದು ಕಡೆ. ಎರಡೂ ಬಾಗಿಲು ತಟ್ಟುವವರು ನಾವು.

ಬೆಂಗಳೂರಿನ ಹೋಟೆಲ್ ಲೋಕವನ್ನು ಕಟ್ಟಿದವರಲ್ಲಿ ಕರಾವಳಿಯವರು ಮುಂದು. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರ ಎಂ.ಟಿ.ಆರ್. 1924ರದು, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂ.ಟಿ.ಆರ್.ನವರು ರವೆಯಲ್ಲಿ ಇಡ್ಲಿ ಮಾಡಿದರು, ಅದೇ ಇಂದಿನ ರವೆ ಇಡ್ಲಿ. ದೊಡ್ಡ ಪರಂಪರೆ, ಅದರ ಮೇಲೆ ನನಗೆ ಗೌರವವಿದೆ. ಆದರೆ ಅಲ್ಲಿ ನಡೆದದ್ದು ಅಕ್ಕಿ, ಉದ್ದು, ರವೆಯ ಕಾರುಬಾರು. ಸುತ್ತಲಿನ ಹಳ್ಳಿಗಳೆಲ್ಲ ಉಣ್ಣುತ್ತಿದ್ದ ರಾಗಿಗೆ ಆ ಮೇಜುಗಳ ಮೇಲೆ ಬಹಳ ಕಾಲ ಜಾಗ ಸಿಗಲಿಲ್ಲ.

ಜಾಗ ಕೊಟ್ಟದ್ದು ಮಿಲಿಟರಿ ಹೋಟೆಲುಗಳು. ಮರಾಠ ಕುಟುಂಬಗಳು ಶುರು ಮಾಡಿದ ಮಾಂಸದೂಟದ ಮನೆಗಳಿವು. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ 1908ರಿಂದ ನಡೆದು ಬಂದಿದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ದೊನ್ನೆ ಬಿರಿಯಾನಿಗೆ ಹೆಸರಾದದ್ದು. ಆಮೇಲೆ ಒಕ್ಕಲು ಮನೆತನದವರೂ ಈ ಕಸುಬಿಗೆ ಇಳಿದರು, ಗೌಡರ ಹೆಸರಿನ ಮೆಸ್ಸುಗಳು ಬಡಾವಣೆ ಬಡಾವಣೆಯಲ್ಲೂ ಎದ್ದವು. ಮುದ್ದೆ, ನಾಟಿಕೋಳಿ ಸಾರು, ಕಾಲು ಸೂಪು, ಬೋಟಿ ಗೊಜ್ಜು, ಖೈಮಾ ಉಂಡೆ, ತಲೆಮಾಂಸ. ಗೋಡೆಯ ಮೇಲೆ ಬರೆದ ಪಟ್ಟಿ ಇಷ್ಟೇ ಇರುತ್ತದೆ, ಅದರಲ್ಲೂ ಅರ್ಧ ಮಧ್ಯಾಹ್ನ ಎರಡಕ್ಕೇ ಖಾಲಿ.

ಇಂಥ ಕಡೆ ಸಾರಿಗಿಂತ ಮೊದಲು ಮುದ್ದೆಯನ್ನು ನೋಡಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿದು, ಕೂಡಲೇ ಕಲಕದೆ, ಹಿಟ್ಟಿನ ಗುಡ್ಡೆಯ ನಡುವೆ ನೀರು ಉಕ್ಕಿ ಬರುವಂತೆ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು. ಇದಕ್ಕೆ ತೋಳಿನ ಬಲ ಬೇಕು, ತಾಳ್ಮೆಯೂ ಬೇಕು. ಅವಸರದಲ್ಲಿ ತಿರುವಿದ ಮುದ್ದೆ ಒಳಗೆ ಹಸಿಯಾಗಿ ಉಳಿದು ಗಂಟಲಿಗೆ ಅಂಟುತ್ತದೆ. ಸರಿಯಾಗಿ ಬೆಂದದ್ದು ಕೈಗೆ ಅಂಟದೆ ಹೊಳೆಯುತ್ತದೆ, ಸಾರಿನಲ್ಲಿ ಅದ್ದಿದ ತುತ್ತು ಅಗಿಯದೆಯೇ ಜಾರುತ್ತದೆ. ಬೆಳಿಗ್ಗೆ ಕಟ್ಟಿ ಹಾಟ್‌ಬಾಕ್ಸಿನಲ್ಲಿಟ್ಟ ಮುದ್ದೆಗೆ ಸಿಪ್ಪೆ ಬಂದಿರುತ್ತದೆ. ಅಂಥದ್ದು ತಟ್ಟೆಗೆ ಬಿದ್ದರೆ ಬಿಸಿಯದು ಕೊಡಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ರಾಗಿ ನಮ್ಮದೇ ಎಂದು ಎದೆ ತಟ್ಟಿಕೊಂಡರೂ ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆಯೇ ಬಂದು ಇಲ್ಲಿ ನೆಲೆಯೂರಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯ ಆಫ್ರಿಕದ ರಾಗಿಯನ್ನೂ ಇಲ್ಲಿಯದನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ರೈತರ ಇಳುವರಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮಿಲಿಟರಿ ಹೋಟೆಲಿನ ಅಗ್ಗದ ಮುದ್ದೆಯ ಹಿಂದೆ ಈ ಮನುಷ್ಯನ ದುಡಿಮೆಯೂ ಇದೆ.

ಇನ್ನು ರೊಟ್ಟಿಯ ಬಾಗಿಲು. ಅದು ಖಾನಾವಳಿ. ಹುಬ್ಬಳ್ಳಿ, ವಿಜಯಪುರ, ಕಲಬುರಗಿಯಲ್ಲಿ ಬೀದಿಗೊಂದು ಇರುವ ಈ ಊಟದ ಮನೆ ಬೆಂಗಳೂರಿಗೆ ಬಂದದ್ದು ಅಲ್ಲಿಯ ಜನರ ಜೊತೆಗೆ. ಗಾಂಧಿನಗರದ ಸುತ್ತ ಹಳೆಯವು ಇವೆ. ಈಗ ವಿಜಯನಗರ, ಚಂದ್ರಾ ಲೇಔಟ್ ಕಡೆ ನೋಡಿ: ಕೆ.ಎ.ಎಸ್., ಪಿ.ಎಸ್.ಐ. ಪರೀಕ್ಷೆಗೆ ಓದುವ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು ಪಿ.ಜಿ.ಗಳಲ್ಲಿ ತುಂಬಿದ್ದಾರೆ, ಅವರನ್ನು ನಂಬಿ ಸಣ್ಣ ಸಣ್ಣ ಖಾನಾವಳಿಗಳು ನಡೆಯುತ್ತಿವೆ. ತಿಂಗಳ ಲೆಕ್ಕದಲ್ಲಿ ಉಣ್ಣುವವರೇ ಹೆಚ್ಚು. ದಿನಾ ಬರುವ ಗಿರಾಕಿಗೆ ರುಚಿ ಕೆಟ್ಟರೆ ಮರುದಿನವೇ ಗೊತ್ತಾಗುತ್ತದೆ, ಆದ್ದರಿಂದ ಇಲ್ಲಿ ಮೋಸಕ್ಕೆ ಎಡೆ ಕಡಿಮೆ. ಕುಟುಂಬದ ಜೊತೆ ಅಗಲವಾಗಿ ಕೂತು ಉಣ್ಣಬೇಕೆನ್ನುವವರಿಗೆ ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್ ಇದೆ, ರಾಜಾಜಿನಗರದಲ್ಲಿ ನಳಪಾಕ ಇದೆ. ಎರಡೂ ಕಡೆ ರೊಟ್ಟಿ ಊಟ ಹೆಸರುವಾಸಿ. ಆದರೆ ನನ್ನ ಮನಸ್ಸು ಓಡುವುದು ನಾಲ್ಕು ಬೆಂಚಿನ ಖಾನಾವಳಿಗೇ.

ಯಾಕೆಂದರೆ ಅಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಬಿಸಿನೀರು ಹಾಕಿ ನಾದಿ ಹದ ಬರಿಸುತ್ತಾರೆ, ಅಂಗೈಯಲ್ಲಿ ಬಡಿಬಡಿದು ತಿರುಗಿಸುತ್ತ ಅಗಲ ಮಾಡುತ್ತಾರೆ, ಹೆಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾರೆ. ಹಿಟ್ಟು ಹಳೆಯದಾದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ವಿಜಯಪುರ ಕಡೆಯ ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ಕೂತು ತಾಸಿಗಟ್ಟಲೆ ಬಡಿಯುವ ಈ ಕೆಲಸ ಯಂತ್ರಕ್ಕೆ ಇನ್ನೂ ಪೂರ್ತಿ ಒಲಿದಿಲ್ಲ. ಜೊತೆಗೆ ಎಣ್ಣೆಗಾಯಿ ಬದನೆ, ಮಡಿಕೆಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಹಸಿ ಈರುಳ್ಳಿ, ಗಟ್ಟಿ ಮೊಸರು. ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ’ ಎಂದು ಕೇಳುವ ದನಿಗೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಚಳಿಗಾಲದಲ್ಲಿ ಹೋದವರು ವಿ.ವಿ. ಪುರದ ವಾಸವಿ ಕಾಂಡಿಮೆಂಟ್ಸ್‌ನವರು ನಡೆಸಿಕೊಂಡು ಬಂದಿರುವ ಅವರೆಬೇಳೆ ಮೇಳವನ್ನು ತಪ್ಪಿಸಿಕೊಳ್ಳಬಾರದು. ಹಿಚುಕಿದ ಅವರೆಬೇಳೆಯಲ್ಲಿ ದೋಸೆಯಿಂದ ಜಿಲೇಬಿಯವರೆಗೆ ಮಾಡುತ್ತಾರೆ. ನನಗೆ ಜಿಲೇಬಿ ಬೇಡ, ಅವರೆಬೇಳೆ ಸಾರು ಸಾಕು.

ನಮ್ಮ ಸೀಮೆಯ ಹೆಸರು ಬೆಂಗಳೂರಿನ ಬೋರ್ಡುಗಳ ಮೇಲೆ ಕಾಣುವುದು ಬೆಣ್ಣೆ ದೋಸೆಯಿಂದ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಆ ಹೆಮ್ಮೆಯಲ್ಲಿ ನಮಗೂ ಪಾಲಿದೆ. ಆದರೆ ಅದು ತಿಂಡಿ, ಊಟವಲ್ಲ. ‘ದುರ್ಗದ ಊಟ’ ಎಂಬ ಬೋರ್ಡು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ, ಇದು ನನ್ನನ್ನು ಬಹಳ ಕಾಡುವ ಕೊರತೆ. ಹುರುಳಿಕಟ್ಟಿನ ಸಾರು, ಸೊಪ್ಪು-ಕಾಳು ಬೇಯಿಸಿ ಬಸಿದ ಬಸ್ಸಾರು, ಬಸಿದುಳಿದ ಕಾಳಿಗೆ ಒಗ್ಗರಣೆ ಹಾಕಿದ ಪಲ್ಯ, ಹಸಿಮೆಣಸಿನಕಾಯಿ ಸುಟ್ಟು ಅರೆದ ಶೇಂಗಾ ಚಟ್ನಿ, ನವಣೆ ಅನ್ನ. ಮಳೆ ಕಡಿಮೆಯಾದ ನೆಲ ಕಲಿಸಿದ ಅಡುಗೆ ಇದು. ಕೊಬ್ಬರಿ, ತುಪ್ಪದ ಆಡಂಬರವಿಲ್ಲ, ಕಾಳು ಮತ್ತು ಸೊಪ್ಪಿನ ಸತ್ವ ಒಂದು ತೊಟ್ಟೂ ಪೋಲಾಗುವುದಿಲ್ಲ. ಇವನ್ನೆಲ್ಲ ಒಂದೇ ಎಲೆಯ ಮೇಲೆ ಬಡಿಸುವ ಮನೆಯೊಂದು ಬೆಂಗಳೂರಿನಲ್ಲಿ ಬೇಕು.

ಧಾನ್ಯಕ್ಕೇನೂ ಕೊರತೆಯಿಲ್ಲ. ಹೊಸದುರ್ಗದ ಸಾಮೆ, ನವಣೆ ಈಗ ಸಿರಿಧಾನ್ಯವೆಂದು ನಗರದ ಅಂಗಡಿಗಳಲ್ಲಿ ಚಂದದ ಪ್ಯಾಕೆಟ್ಟಿನಲ್ಲಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಮಾತು ಇನ್ನೂ ಜೋರಾಯಿತು. ಈ ಧಾನ್ಯಗಳು ಮನೆಯಿಂದ ದೂರವಾಗಲು ಒಂದು ಕಾರಣ ಅವುಗಳ ಹೊಟ್ಟು. ಒರಳಿನಲ್ಲಿ ಕುಟ್ಟಿ ಹೊಟ್ಟು ತೆಗೆಯುವ ದುಡಿಮೆ ಹೆಂಗಸರ ರಟ್ಟೆ ಮುರಿಯುತ್ತಿತ್ತು, ರೇಷನ್ ಅಕ್ಕಿ ಬಂದಾಗ ಅವರು ಒನಕೆ ಕೆಳಗಿಟ್ಟದ್ದು ನ್ಯಾಯವೇ. ಈಗ ಯಂತ್ರ ಆ ಕೆಲಸ ಮಾಡುತ್ತದೆ. ಉಳಿದಿರುವುದು ರುಚಿಯ ಮಾತು. ನಗರದಲ್ಲಿ ಸಾಮೆ, ನವಣೆಯನ್ನು ಸಕ್ಕರೆ ಕಾಯಿಲೆಯ ಮದ್ದಿನಂತೆ ಬಡಿಸುತ್ತಾರೆ. ಹುರುಳಿಸಾರಿನ ಜೊತೆ ಬಿಸಿ ನವಣೆ ಅನ್ನ ಉಂಡವರಿಗೆ ಅದು ಔಷಧಿ ಅನ್ನಿಸುವುದಿಲ್ಲ.

ಊರು ಬಿಟ್ಟವರ ಈ ಹುಡುಕಾಟ ನಮಗೊಬ್ಬರಿಗೇ ಇರುವುದಲ್ಲ. ರುಮೇನಿಯಾದವರು ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಲ್ಲಿ ತಿರುವಿ ‘ಮಮಲಿಗ’ ಮಾಡುತ್ತಾರೆ, ಬಡವರ ಊಟವೆನಿಸಿದ್ದ ಅದನ್ನು ಕುರಿಹಾಲಿನ ಚೀಸು, ಹುಳಿ ಕೆನೆಯ ಜೊತೆ ಉಣ್ಣುತ್ತಾರೆ. ಲಂಡನ್, ಮ್ಯಾಡ್ರಿಡ್‌ಗೆ ದುಡಿಯಲು ಹೋದ ರುಮೇನಿಯನ್ನರು ಅಲ್ಲಿ ತಮ್ಮ ಊಟದ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಚಿತ್ರದುರ್ಗದ ಹೊಲಗಳಲ್ಲೂ ಮೆಕ್ಕೆಜೋಳ ಬೇಕಾದಷ್ಟು ಬೆಳೆಯುತ್ತದೆ, ಆದರೆ ಬಹುಪಾಲು ಕೋಳಿಯ ಮೇವಿಗೆ ಹೋಗುತ್ತದೆ.

ಹೊಸ ಊಟದ ಮನೆ ಬರುವವರೆಗೆ ಇರುವುದನ್ನು ಚೆನ್ನಾಗಿ ಬಳಸಿಕೊಳ್ಳೋಣ. ಮಿಲಿಟರಿ ಹೋಟೆಲಿಗೆ ಹನ್ನೆರಡೂವರೆಯೊಳಗೆ ಹೋಗಿ, ಮೊದಲ ಸುತ್ತಿನ ಮುದ್ದೆ ಸಿಗುತ್ತದೆ. ಮಾಂಸ ಬೇಡದವರು ಮೆಸ್ಸಿನಲ್ಲಿ ಬಸ್ಸಾರು ಯಾವ ದಿನ ಎಂದು ವಿಚಾರಿಸಿಟ್ಟುಕೊಳ್ಳಿ, ವಾರದ ದಿನಕ್ಕೊಂದು ಸಾರು ಮಾಡುವ ಮೆಸ್ಸುಗಳಿವೆ. ಖಾನಾವಳಿಯಲ್ಲಿ ಕೂತ ಕೂಡಲೇ ಕಟಕ್ ರೊಟ್ಟಿಯೋ ಬಿಸಿ ರೊಟ್ಟಿಯೋ ಎಂದು ಕೇಳುತ್ತಾರೆ, ಬಿಸಿಯದು ಹೇಳಿ ಹತ್ತು ನಿಮಿಷ ಕಾಯಿರಿ. ಹಿರಿಯೂರಿನ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ.