ಆಳಿಲ್ಲದ ಪಿಯಾನೋ, ಪಟ್ಟಿಯಿಲ್ಲದ ಹಾಡು

ಕೆನಡಾದ ಪ್ರಸಿದ್ಧ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ತೀರಿಕೊಂಡದ್ದು 1982ರಲ್ಲಿ. 2006ರಲ್ಲಿ, ಅಂದರೆ 24 ವರ್ಷಗಳ ಬಳಿಕ, ಟೊರಾಂಟೊ ನಗರದಲ್ಲಿ ಅವರದೇ ಹೆಸರಿನ ಸಭಾಂಗಣದಲ್ಲಿ ಅವರ ಕಛೇರಿ ನಡೆಯಿತು. ವೇದಿಕೆಯ ಮೇಲೆ ಪಿಯಾನೋ ಇತ್ತು, ಎದುರಿನ ಪೀಠ ಖಾಲಿ. ಅದರ ಕಪ್ಪು ಬಿಳಿ ಮನೆಗಳು ತಾವಾಗಿಯೇ ಕುಸಿದು ಏಳತೊಡಗಿದವು. 1955ರಲ್ಲಿ ಗೌಲ್ಡ್ ಧ್ವನಿಮುದ್ರಿಸಿದ್ದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಕೃತಿ ಸಭಾಂಗಣವನ್ನು ತುಂಬಿತು. ಕೇಳುತ್ತಿದ್ದುದು ಹಳೆಯ ತಟ್ಟೆಯಲ್ಲ. ಆ ತಟ್ಟೆಯ ನಾದವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಯಾವ ಮನೆಯನ್ನು ಯಾವ ಕ್ಷಣದಲ್ಲಿ ಎಷ್ಟು ಬಲದಿಂದ ಒತ್ತಿದ್ದಾರೆ ಎಂಬ ಲೆಕ್ಕ ತೆಗೆದು, ಆ ಲೆಕ್ಕವನ್ನು ಯಮಾಹಾ ಕಂಪನಿಯ ಡಿಸ್ಕ್‌ಲಾವಿಯರ್ ಎಂಬ ಸ್ವಯಂಚಾಲಿತ ಪಿಯಾನೋಗೆ ಉಣಿಸಲಾಗಿತ್ತು. ತಂತಿಗಳು ನಿಜವಾದವು, ಸುತ್ತಿಗೆಗಳು ನಿಜವಾದವು. ಬೆರಳು ಮಾತ್ರ ಇರಲಿಲ್ಲ.

ಇದನ್ನು ಕಂಡು ಬೆರಗಾದವರಿದ್ದಾರೆ, ಮೂಗು ಮುರಿದವರೂ ಇದ್ದಾರೆ. ಆದರೆ ತಾನೇ ನುಡಿಸುವ ಪಿಯಾನೋ ಕಂಪ್ಯೂಟರ್ ಯುಗದ ಕೂಸಲ್ಲ. ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ಎರಡು ತೊಡಕುಗಳು ಬೆನ್ನು ಬಿಡದೆ ಬಂದಿವೆ. ಒಂದು, ಸಂಗ್ರಹದಲ್ಲಿ ಯಾವ ಹಾಡು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಇನ್ನೊಂದು, ಯಂತ್ರದ ತಿರುಪುಗಳನ್ನು ಎಲ್ಲಿಗೆ ತಿರುಗಿಸಿ ಇಟ್ಟರೆ ಅದು ಮೂಲ ವಾದಕನ ನುಡಿಸಾಣಿಕೆ ಆದೀತು?

ಅಮೆರಿಕದ ಎಡ್ವಿನ್ ವೋಟೆ 1890ರ ದಶಕದ ನಡುವಿನಲ್ಲಿ ಪಿಯಾನೋಲಾ ಎಂಬ ಸಾಧನವನ್ನು ಕಟ್ಟಿದರು. ಅದು ಮೊದಲಿಗೆ ಪಿಯಾನೋದ ಮುಂದೆ ತಂದು ನಿಲ್ಲಿಸುವ ಒಂದು ಬೀರು. ಮರದ ಬೆರಳುಗಳಿಂದ ಮನೆಗಳನ್ನು ಒತ್ತುತ್ತಿತ್ತು. ಮುಂದೆ ಅದೇ ಯಂತ್ರ ಪಿಯಾನೋದ ಹೊಟ್ಟೆಯೊಳಗೇ ಸೇರಿತು. ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ನೋಡಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಕುಳಿತವನು ಎರಡು ಪೆಡಲುಗಳನ್ನು ತುಳಿದರೆ ತಿದಿ ಆಡುತ್ತದೆ, ಒಳಗಿನ ಗಾಳಿ ಹೊರಕ್ಕೆ ಹೋಗಿ ಹೀರುವ ಶಕ್ತಿ ಹುಟ್ಟುತ್ತದೆ. ತೂತುಗಳನ್ನು ಕೊರೆದ ಕಾಗದದ ಸುರುಳಿಯೊಂದು ಹಿತ್ತಾಳೆಯ ಪಟ್ಟಿಯ ಮೇಲೆ ಜಾರುತ್ತದೆ. ಆ ಪಟ್ಟಿಯಲ್ಲಿ ಸ್ವರಕ್ಕೊಂದು ರಂಧ್ರ. ಕಾಗದದ ತೂತು ರಂಧ್ರದ ಮೇಲೆ ಬಂದೊಡನೆ ಗಾಳಿ ಒಳನುಗ್ಗಿ ಒಂದು ಕವಾಟ ತೆರೆಯುತ್ತದೆ, ಪುಟ್ಟ ತಿದಿಯೊಂದು ಕುಗ್ಗಿ ಸುತ್ತಿಗೆಯನ್ನು ತಂತಿಗೆ ಹೊಡೆಯುತ್ತದೆ. ತೂತು ಉದ್ದವಾಗಿದ್ದಷ್ಟೂ ಸ್ವರ ನಿಲ್ಲುತ್ತದೆ. ಇಷ್ಟೇ ಉಪಾಯ.

ಮೊದಮೊದಲು ಒಂದು ಕಂಪನಿಯ ಸುರುಳಿ ಇನ್ನೊಂದು ಕಂಪನಿಯ ಪಿಯಾನೋಗೆ ಹೊಂದುತ್ತಿರಲಿಲ್ಲ. ಕೊಂಡವರು ಗೊಣಗಿದರು, ವ್ಯಾಪಾರ ಕೆಟ್ಟಿತು. 1908ರಲ್ಲಿ ಬಫೆಲೊ ನಗರದಲ್ಲಿ ಸೇರಿದ ತಯಾರಕರು ಒಂದು ಅಳತೆಗೆ ಒಪ್ಪಿದರು: ಹನ್ನೊಂದೂಕಾಲು ಅಂಗುಲ ಅಗಲದ ಕಾಗದ, ಅಂಗುಲಕ್ಕೆ 9 ತೂತು, ಪಿಯಾನೋದ 88 ಮನೆಗಳಿಗೂ ಜಾಗ. ಆ ಅಳತೆ ಎಷ್ಟು ಗಟ್ಟಿಯೆಂದರೆ, ಅಂದು ಕೊರೆದ ಸುರುಳಿಯನ್ನು ದುರಸ್ತಾದ ಪಿಯಾನೋದಲ್ಲಿ ಇಂದಿಗೂ ಏರಿಸಿ ನುಡಿಸಬಹುದು. ಅದರ ಬಳಿಕ ಬಂದ ಎಷ್ಟು ಗಣಕ ಸಾಧನಗಳ ಬಗ್ಗೆ ಈ ಮಾತು ಹೇಳಲು ಸಾಧ್ಯ?

ಅದೇ 1908ರಲ್ಲಿ ಈ ಸುರುಳಿಗಳು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಹಾಡುಗಳ ಸ್ವರಲಿಪಿಯನ್ನು ಅಚ್ಚು ಹಾಕುವ ಪ್ರಕಾಶಕರೊಬ್ಬರು, ತಮಗೆ ಕಾಸು ಕೊಡದೆ ಹಾಡನ್ನು ಸುರುಳಿಗೆ ಇಳಿಸಿದ್ದಾರೆಂದು ಅಪೊಲೊ ಎಂಬ ಕಂಪನಿಯ ಮೇಲೆ ದಾವೆ ಹೂಡಿದ್ದರು. ತೂತುಗಳನ್ನು ಮನುಷ್ಯ ಓದಲಾರ, ಆದ್ದರಿಂದ ಸುರುಳಿ ಹಾಡಿನ ಪ್ರತಿಯಲ್ಲ, ಯಂತ್ರದ ಭಾಗ ಎಂದು ನ್ಯಾಯಾಲಯ ತೀರ್ಪಿತ್ತಿತು. ಸಂಯೋಜಕರು ಬಾಯಿ ಬಡಿದುಕೊಂಡರು. ಮರುವರ್ಷವೇ ಶಾಸನ ತಿದ್ದುಪಡಿಯಾಗಿ, ಒಂದು ಪ್ರತಿಗೆ 2 ಸೆಂಟ್ ರಾಯಧನ ಎಂದು ನಿಗದಿಯಾಯಿತು. ಆ 2 ಸೆಂಟ್ 1970ರ ದಶಕದ ಕೊನೆಯವರೆಗೂ ಕದಲಲಿಲ್ಲ. ಗ್ರಾಮಫೋನ್ ತಟ್ಟೆಗಳಿಗೂ ಅದೇ ದರ ಅನ್ವಯವಾಯಿತು ಎಂಬುದನ್ನು ನೆನೆದರೆ, ಕಾಗದದ ಸುರುಳಿಯ ನೆರಳು ಎಷ್ಟು ಉದ್ದಕ್ಕೆ ಚಾಚಿತ್ತು ಎಂಬುದು ತಿಳಿಯುತ್ತದೆ.

1920ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ತಯಾರಾದ ಪಿಯಾನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಮನೆಮನೆಯಲ್ಲೂ ಸುರುಳಿಗಳು ರಾಶಿ ಬಿದ್ದವು. ಪುಸ್ತಕ ಭಂಡಾರದಂತೆ ಸುರುಳಿಗಳನ್ನು ಎರವಲು ಕೊಡುವ ಭಂಡಾರಗಳೂ ಹುಟ್ಟಿಕೊಂಡವು. ಸುರುಳಿಗೊಂದು ಉದ್ದನೆಯ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ತುದಿಯಲ್ಲಿ ಹಾಡಿನ ಹೆಸರು ಮತ್ತು ಸಂಖ್ಯೆಯ ಚೀಟಿ. ಕಪಾಟಿನಲ್ಲಿ ಪೇರಿಸಿಟ್ಟರೆ ಚೀಟಿಗಳ ಸಾಲು ಕಣ್ಣಿಗೆ ಕಾಣಬೇಕು. ಸುರುಳಿಯ ಆರಂಭದ ಖಾಲಿ ಕಾಗದದ ಮೇಲೆ ವೇಗವನ್ನೂ ಅಚ್ಚು ಹಾಕುತ್ತಿದ್ದರು. 70 ಎಂದಿದ್ದರೆ ಕಾಗದ ನಿಮಿಷಕ್ಕೆ 7 ಅಡಿಯಂತೆ ಓಡಬೇಕು, 80 ಎಂದಿದ್ದರೆ 8 ಅಡಿ. ನುಡಿಸುವವನು ಮುಂದಿನ ಸನ್ನೆಗೋಲನ್ನು ಆ ಅಂಕಿಗೆ ಸರಿಸಿಕೊಳ್ಳಬೇಕು. ಪೆಟ್ಟಿಗೆ ಅದಲುಬದಲಾಗಿ, ಆ ತುದಿಯ ಕಾಗದವೂ ಹರಿದುಹೋಗಿದ್ದರೆ? ಹಾಡು ಇದೆ, ಅದರ ಹೆಸರೂ ಇಲ್ಲ, ನಡೆಯೂ ಇಲ್ಲ. ಪಿಯಾನೋ ಮಾತ್ರ ಕೊಟ್ಟದ್ದನ್ನು ಕೊಟ್ಟ ವೇಗದಲ್ಲಿ ಒಂದಿಷ್ಟೂ ಸಂಕೋಚವಿಲ್ಲದೆ ನುಡಿಸುತ್ತದೆ.

ಈ ಅಂಕಿಗಳು ಬರಿಯ ಅನುಕೂಲದ ವಿಷಯವಲ್ಲ. ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಕಂಪನಿ 1904ರಲ್ಲಿ ಹೊರತಂದ ವೆಲ್ಟೆ ಮಿನ್ಯೋನ್ ಯಂತ್ರ ಸ್ವರಗಳನ್ನಷ್ಟೇ ಅಲ್ಲದೆ ವಾದಕನ ಏರಿಳಿತಗಳನ್ನೂ ಸುರುಳಿಯ ಅಂಚಿನ ತೂತುಗಳಲ್ಲಿ ಹಿಡಿದಿಡುತ್ತಿತ್ತು. ಯೂರೋಪಿನ ಹೆಸರಾಂತ ಸಂಗೀತಗಾರರು ಅದಕ್ಕಾಗಿ ನುಡಿಸಿದರು. ಅವರಲ್ಲಿ ಫ್ರಾನ್ಸಿನ ಸಂಯೋಜಕ ಕ್ಲೋದ್ ದೆಬ್ಯುಸಿ ಕೂಡ ಒಬ್ಬರು. ಸಮುದ್ರದಲ್ಲಿ ಮುಳುಗಿದ ದೇವಾಲಯವೊಂದರ ಐತಿಹ್ಯವನ್ನು ಆಧರಿಸಿದ ಅವರ ಕಿರುಕೃತಿ 1910ರಲ್ಲಿ ಅಚ್ಚಾಗಿತ್ತು. ಅಚ್ಚಾದ ಸ್ವರಲಿಪಿಯನ್ನು ನಂಬಿ ನುಡಿಸಿದವರಿಗೆ ಅದರ ಕೆಲವು ಭಾಗಗಳು ಎತ್ತಿನ ಗಾಡಿಯಂತೆ ತೆವಳುತ್ತಿದ್ದವು. ದೆಬ್ಯುಸಿ ತಾವೇ ನುಡಿಸಿದ ಸುರುಳಿಯಲ್ಲಿ ನೋಡಿದರೆ ಆ ಭಾಗಗಳು ಸರಿಯಾಗಿ ಎರಡರಷ್ಟು ವೇಗದಲ್ಲಿವೆ! ಲಿಪಿಯಲ್ಲಿ ಬರೆಯಲು ಬಿಟ್ಟುಹೋಗಿದ್ದ ಸೂಚನೆಯೊಂದು ಸುರುಳಿಯಲ್ಲಿ ಉಳಿದುಕೊಂಡಿತ್ತು.

ಸುರುಳಿಯನ್ನು ಯಾವ ವೇಗದಲ್ಲಿ ಓಡಿಸಬೇಕೆಂಬುದೇ ಚರ್ಚೆಯ ವಿಷಯವಾಗಿರುವಾಗ ಈ ಸಾಕ್ಷ್ಯವನ್ನು ನಂಬುವುದು ಹೇಗೆ ಎಂದು ಕೇಳಬಹುದು. ಉತ್ತರ ಸರಳ. ಇಡೀ ಸುರುಳಿಯನ್ನು ನಿಧಾನವಾಗಿ ಓಡಿಸಿ, ಜೋರಾಗಿ ಓಡಿಸಿ. ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಅನುಪಾತ ಬದಲಾಗದು. ಸನ್ನೆಗೋಲು ತಪ್ಪಿದರೆ ಕೃತಿಯ ಒಟ್ಟು ಕಾಲಪ್ರಮಾಣ ತಪ್ಪೀತು, ಒಳಗಿನ ಲೆಕ್ಕ ತಪ್ಪದು. ಹಾಗೆಂದು ಎಲ್ಲ ಸುರುಳಿಗಳನ್ನೂ ಹೀಗೆ ನಂಬಲಾಗದು. ಬಹುಪಾಲು ಸುರುಳಿಗಳನ್ನು ಯಾರೂ ನುಡಿಸಿರಲೇ ಇಲ್ಲ. ಸ್ವರಲಿಪಿ ಎದುರಿಗಿಟ್ಟುಕೊಂಡು ಅಡಿಕೋಲು, ಪೆನ್ಸಿಲು ಹಿಡಿದ ಕಂಪನಿಯ ನೌಕರರು ಗುರುತು ಹಾಕಿ ಕೊರೆದವು. ಕಲಾವಿದರೇ ನುಡಿಸಿದ್ದು ಎಂದು ಜಾಹೀರಾತು ಹೊತ್ತವುಗಳಲ್ಲೂ ತಪ್ಪು ಸ್ವರಗಳನ್ನು ತಿದ್ದುವುದು, ಸಂಪಾದಕರು ಏರಿಳಿತಗಳನ್ನು ಸೇರಿಸುವುದು ಮಾಮೂಲಾಗಿತ್ತು. ಇನ್ನೊಂದು ಮೋಜೂ ಇದೆ. ಕಾಗದ ಸುತ್ತಿಕೊಳ್ಳುತ್ತ ಹೋದಂತೆ ಎದುರಿನ ಉರುಳೆ ದಪ್ಪವಾಗುತ್ತದೆ. ಉರುಳೆ ಒಂದೇ ಸಮ ತಿರುಗಿದರೂ ಕಾಗದದ ಓಟ ಬರಬರುತ್ತ ಹೆಚ್ಚುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಸುರುಳಿಯನ್ನು ಕಂಪ್ಯೂಟರಿಗೆ ಇಳಿಸಿದರೆ ಎಂಥ ಗಂಭೀರ ವಾದಕನೂ ಕೊನೆಗೆ ದಣಿದು ನಿಧಾನಿಸಿದಂತೆ ಕೇಳಿಸುತ್ತಾನೆ.

ರೇಡಿಯೋ, 1925ರ ಬಳಿಕ ಸುಧಾರಿಸಿದ ವಿದ್ಯುತ್ ಧ್ವನಿಮುದ್ರಣ, 1929ರ ಆರ್ಥಿಕ ಕುಸಿತ ಸೇರಿ ಸ್ವಯಂಚಾಲಿತ ಪಿಯಾನೋವನ್ನು ಮೂಲೆಗೆ ತಳ್ಳಿದವು. ವೆಲ್ಟೆಯ ಕಾರ್ಖಾನೆ 1944ರ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು.

ಅದು ಮತ್ತೆ ಎದ್ದು ಬಂದದ್ದು ವಿದ್ಯುನ್ಮಾನದ ಕೈ ಹಿಡಿದು. 1970ರ ದಶಕದ ಕೊನೆಗೆ ಕ್ಯಾಸೆಟ್ಟಿನಿಂದ ನಡೆಯುವ ಪಿಯಾನೋಗಳು ಬಂದವು. 1983ರಲ್ಲಿ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತನಾಡುವ ಮಿಡಿ ಎಂಬ ಸಾಮಾನ್ಯ ಸಂಕೇತ ರೂಪುಗೊಂಡಿತು. 1987ರಲ್ಲಿ ಯಮಾಹಾದ ಡಿಸ್ಕ್‌ಲಾವಿಯರ್ ಅಮೆರಿಕದ ಮಾರುಕಟ್ಟೆಗೆ ಬಂತು. ಇದರಲ್ಲಿ ತಿದಿಯ ಬದಲು ಪ್ರತಿ ಮನೆಯ ಅಡಿಗೂ ಒಂದು ವಿದ್ಯುತ್ ಕಾಂತದ ಸುರುಳಿ, ಕಾಗದದ ಬದಲು ಮೂರೂವರೆ ಅಂಗುಲದ ಫ್ಲಾಪಿ. ಮಿಡಿಯಲ್ಲಿ ಅಡಗಿರುವುದು ನಾದವಲ್ಲ, ಬರಿಯ ಆಜ್ಞೆಗಳು: ಈ ಮನೆ, ಈ ಕ್ಷಣ, ಇಷ್ಟು ಬಲ, ಇಷ್ಟು ಹೊತ್ತಿಗೆ ಬಿಡು. ಬಲಕ್ಕೆ 1ರಿಂದ 127ರವರೆಗೆ ಅಂಕಿ. ಹಾಗಾಗಿ ಇಲ್ಲಿ ವೇಗ ಹೆಚ್ಚಿಸಿದರೆ ಗ್ರಾಮಫೋನಿನಂತೆ ಶ್ರುತಿ ಏರುವುದಿಲ್ಲ. ಶ್ರುತಿಯನ್ನು ಹಾಡುವವರ ಕಂಠಕ್ಕೆ ತಕ್ಕಂತೆ ಬೇರೆಯಾಗಿಯೇ ಏರಿಸಬಹುದು, ಇಳಿಸಬಹುದು. ನಮ್ಮ ಸಂಗೀತದ ಗಮಕಕ್ಕೆ ಮಾತ್ರ ಇಲ್ಲಿ ಎಡೆಯಿಲ್ಲ. ಒಂದು ಮನೆಗೂ ಮುಂದಿನ ಮನೆಗೂ ನಡುವೆ ತಂತಿಯೇ ಇಲ್ಲದಿರುವಾಗ ಯಂತ್ರವಾದರೂ ಏನು ಮಾಡೀತು!

ಧ್ವನಿ ತಗ್ಗಿಸುವ ಗುಂಡಿ ಮೇಲ್ನೋಟಕ್ಕೆ ರೇಡಿಯೋದ ಗುಂಡಿಯಂತೆಯೇ. ಆದರೆ ಪಿಯಾನೋದ ಸುತ್ತಿಗೆಗೆ ತಂತಿ ಮುಟ್ಟಲು ಕನಿಷ್ಠ ಒಂದಿಷ್ಟು ಬಲ ಬೇಕು. ಮಗು ಮಲಗಿದೆಯೆಂದು ಧ್ವನಿಯನ್ನು ತೀರ ಇಳಿಸಿದರೆ ಮೆಲುಸ್ವರಗಳು ಮೆಲ್ಲಗಾಗುವುದಿಲ್ಲ, ಮಾಯವೇ ಆಗುತ್ತವೆ. ಮನೆ ಅಲುಗುತ್ತದೆ, ನಾದ ಬರುವುದಿಲ್ಲ. ಇನ್ನು ಕಾಲದ ತೊಡಕು. ಮೆಲ್ಲಗೆ ಒತ್ತಿದ ಮನೆಯ ಸುತ್ತಿಗೆ ತಂತಿ ತಲುಪಲು ಹೆಚ್ಚು ಹೊತ್ತು ಹಿಡಿಯುತ್ತದೆ, ಜೋರಾಗಿ ಒತ್ತಿದ್ದು ಥಟ್ಟನೆ ತಲುಪುತ್ತದೆ. ಆಜ್ಞೆ ಬಂದ ಕೂಡಲೇ ನುಡಿಸಿದರೆ ತಾಳ ಕೆಡುತ್ತದೆ. ಅದಕ್ಕೆ ಡಿಸ್ಕ್‌ಲಾವಿಯರ್ ಎಲ್ಲ ಆಜ್ಞೆಗಳನ್ನೂ ಅರ್ಧ ಸೆಕೆಂಡ್ ತಡೆದಿಟ್ಟುಕೊಂಡು, ಯಾವ ಮನೆಯನ್ನು ಎಷ್ಟು ಮುಂಚೆ ಹೊರಡಿಸಬೇಕೆಂದು ಲೆಕ್ಕ ಹಾಕಿ ನುಡಿಸುತ್ತದೆ. ಹೊರಗಿನ ಕಂಪ್ಯೂಟರಿನಿಂದ ಪಕ್ಕವಾದ್ಯ ಕೇಳಿಸುತ್ತ ಪಿಯಾನೋ ನುಡಿಸಹೊರಟವರು ಈ ಅರ್ಧ ಸೆಕೆಂಡನ್ನು ಮರೆತರೆ, ಪಿಯಾನೋ ಸಾಲಿನ ಕೊನೆಯಲ್ಲಿ ಕುಂಟುತ್ತ ಬರುತ್ತದೆ. ಆ ತಡೆಯನ್ನು ತೆಗೆದುಹಾಕಿದರೆ ಪಕ್ಕವಾದ್ಯದ ಜೊತೆ ಸೇರುತ್ತದೆ, ತನ್ನೊಳಗಿನ ಲಯ ಹದಗೆಡುತ್ತದೆ. ಸರಿಯಾದ ದಾರಿ ಎಂದರೆ ಪಕ್ಕವಾದ್ಯವನ್ನೇ ಅರ್ಧ ಸೆಕೆಂಡ್ ತಡಮಾಡುವುದು.

ಮಿಡಿಯಲ್ಲಿ 16 ವಾಹಿನಿಗಳು. ರೂಢಿಯಂತೆ ಹತ್ತನೆಯದು ತಾಳವಾದ್ಯಗಳಿಗೆ ಮೀಸಲು. ಇಡೀ ವಾದ್ಯವೃಂದದ ಕಡತವೊಂದನ್ನು ಹಾಕಿ, ಪಿಯಾನೋ ಯಾವ ವಾಹಿನಿಗೆ ಕಿವಿಗೊಡಬೇಕು ಎಂದು ಹೇಳದೆ ಬಿಟ್ಟರೆ ಅದು ಡ್ರಮ್ಮಿನ ಪಾಠವನ್ನೂ ಸ್ವರವೆಂದು ತಿಳಿದು ಎಡಗೈಯಲ್ಲಿ ಬಡಿಯತೊಡಗೀತು. ಯಂತ್ರ ಕೆಟ್ಟಿದೆಯೆಂದು ರಿಪೇರಿಯವರನ್ನು ಕರೆಯುವ ಮೊದಲು ಈ ಒಂದು ಅಂಕಿಯನ್ನು ನೋಡುವುದು ಒಳ್ಳೆಯದು.

ಹಾಡುಗಳ ಜೋಡಣೆಯ ವಿಷಯಕ್ಕೆ ಬಂದರೆ, ರಟ್ಟಿನ ಪೆಟ್ಟಿಗೆಯೇ ಮೇಲಿತ್ತು ಎನಿಸುತ್ತದೆ. ಡಿಸ್ಕ್‌ಲಾವಿಯರಿನ ಹಳೆಯ ಫ್ಲಾಪಿಗಳಲ್ಲಿ ಹಾಡುಗಳು ಯಮಾಹಾದ್ದೇ ಆದ ಸಂಕೇತದಲ್ಲಿವೆ. ಅವುಗಳ ಹೆಸರು, ಕ್ರಮ ಇರುವುದು ಪರಿವಿಡಿಯಂಥ ಬೇರೊಂದು ಕಡತದಲ್ಲಿ. ಹಾಡುಗಳನ್ನು ನಕಲು ಮಾಡಿಕೊಂಡು ಆ ಪರಿವಿಡಿಯನ್ನು ಬಿಟ್ಟರೆ ಪಿಯಾನೋಗೆ ಫ್ಲಾಪಿ ಖಾಲಿ. ಫ್ಲಾಪಿಗೂ ಆಯುಷ್ಯ ಕಡಿಮೆ. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಕಾಗದದ ಸುರುಳಿ ಹರಿದರೆ ಅಂಟಿಸಬಹುದು, ತೂತನ್ನು ಕಣ್ಣಿಂದ ನೋಡಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಸಂಗ್ರಹದ ಸುರುಳಿಗಳ ಚಿತ್ರ ತೆಗೆದು, ತೂತುಗಳನ್ನು ಮಿಡಿಗೆ ಇಳಿಸುವ ಕೆಲಸ ನಡೆಸಿದೆ. ಬೂಸು ಹಿಡಿದ ಫ್ಲಾಪಿಗೆ ಅಂಥ ಭಾಗ್ಯವಿಲ್ಲ. ನೂರು ವರ್ಷದ ಕಾಗದ ಮಾತಾಡುತ್ತದೆ, ಮೂವತ್ತು ವರ್ಷದ ಪ್ಲಾಸ್ಟಿಕ್ಕು ಮೂಕ.

ಜಾರ್ಜ್ ಗರ್ಶ್ವಿನ್ ಸುರುಳಿಗಳಿಗಾಗಿ ನುಡಿಸಿದ್ದನ್ನು ಡಿಸ್ಕ್‌ಲಾವಿಯರಿನ ನೆರವಿನಿಂದ ಮರಳಿ ನುಡಿಸಿ 1993ರಲ್ಲಿ ಸಿ.ಡಿ. ತಂದರು. ರಾಖ್ಮನಿನಾಫ್‌ರ ಸುರುಳಿಗಳು 1998ರಲ್ಲಿ ಬೋಸೆಂಡಾರ್ಫರ್ ಪಿಯಾನೋದ ಮೂಲಕ ಹೊರಬಂದವು. 2015ರಲ್ಲಿ ಬಂದ ಸ್ಟೈನ್‌ವೇ ಕಂಪನಿಯ ಸ್ಪಿರಿಯೋದಲ್ಲಿ ಸುತ್ತಿಗೆಯ ಬಲಕ್ಕೆ 1020 ಹಂತಗಳಿವೆ. ಹಾಡಿನ ಭಂಡಾರ ಫಲಕದಲ್ಲಿ ಸಂಯೋಜಕ, ವಾದಕರ ಹೆಸರಿನ ಸಮೇತ ತೆರೆದುಕೊಳ್ಳುತ್ತದೆ. ಆದರೆ ಹಳೆಯ ಪಿಯಾನೋ ಇಟ್ಟುಕೊಂಡವರ ಪಾಡು ಬೇರೆ. ಅವರಲ್ಲಿ ಅನೇಕರು ಫ್ಲಾಪಿಯ ಕಿಂಡಿ ಇದ್ದಲ್ಲಿ ಯು.ಎಸ್.ಬಿ. ಕಡ್ಡಿಯನ್ನು ಓದುವ ಪುಟ್ಟ ಸಾಧನವೊಂದನ್ನು ಕೂರಿಸಿಕೊಂಡಿದ್ದಾರೆ. ಪಿಯಾನೋ ಅದನ್ನು ಫ್ಲಾಪಿಯೆಂದೇ ನಂಬುತ್ತದೆ. ಒಂದು ಕಡ್ಡಿಯಲ್ಲಿ ನೂರಾರು ಫ್ಲಾಪಿಗಳ ಹಾಡು. ಅಂಥ ಬಹುಪಾಲು ಸಾಧನಗಳ ಮುಖದ ಮೇಲೆ ಕಾಣುವುದು ಮಾತ್ರ ಎರಡು ಅಥವಾ ಮೂರು ಅಂಕಿ. 47 ಎಂದರೆ ಯಾವ ಹಾಡು? ಅದು ಪಿಯಾನೋಗೂ ಗೊತ್ತಿಲ್ಲ, ಕಡ್ಡಿಗೂ ಗೊತ್ತಿಲ್ಲ. ಮನೆಯವರಲ್ಲಿ ಯಾರಾದರೂ ಒಂದು ಹಾಳೆಯಲ್ಲಿ ಅಂಕಿಯ ಎದುರಿಗೆ ಹಾಡಿನ ಹೆಸರು, ವಾದಕರ ಹೆಸರು, ವೇಗವನ್ನು ಬರೆದು, ಆ ಹಾಳೆಯನ್ನು ಪಿಯಾನೋ ಪೀಠದ ಮುಚ್ಚಳದೊಳಗೆ ಅಂಟಿಸಬೇಕು, ನೂರು ವರ್ಷಗಳ ಹಿಂದೆ ರಟ್ಟಿನ ಪೆಟ್ಟಿಗೆಯ ತುದಿಗೆ ಚೀಟಿ ಅಂಟಿಸಿದ ಹಾಗೆ.