ನಿಮಗಿದು ಗೊತ್ತೇ? ಕೂಸು ಯಾಕೆ ಇಷ್ಟೊಂದು ಅಳುತ್ತದೆ

ಹುಟ್ಟಿದ ಹೊಸದರಲ್ಲಿ ಕೂಸು ಎಷ್ಟೇ ಅತ್ತರೂ ಕೆನ್ನೆ ಒದ್ದೆಯಾಗುವುದಿಲ್ಲ. ಹರಿಯುವಷ್ಟು ಕಣ್ಣೀರು ಬರಲು ಕೆಲವು ವಾರ ಬೇಕು. ಕಣ್ಣೀರಿಲ್ಲ ಅಂದಮಾತ್ರಕ್ಕೆ ಅದು ಸುಳ್ಳು ಅಳುವಲ್ಲ.

ಎರಡನೇ ವಾರದಿಂದ ಅಳು ಏರುತ್ತಾ ಹೋಗುತ್ತದೆ. ಆರನೇ ವಾರದ ಆಸುಪಾಸಿನಲ್ಲಿ ಅದರ ಜೋರು ಹೆಚ್ಚು, ಮೂರು–ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಅದೂ ಸಂಜೆಯೇ ಹೆಚ್ಚು. ದೀಪ ಹಚ್ಚುವ ಹೊತ್ತಿಗೆ ಕೂಸು ರಚ್ಚೆ ಹಿಡಿದರೆ ರಾಯಚೂರಿನ ಓಣಿಗಳಲ್ಲಿ "ನೆದರಾಗ್ಯಾದ" ಅನ್ನುತ್ತಾರೆ, ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಿದರೆ ಕೇಡಿಲ್ಲ. ಸುಟ್ಟ ಮೆಣಸಿನಕಾಯಿಯ ಘಾಟು ಮಾತ್ರ ತೊಟ್ಟಿಲ ಕಡೆ ಸುಳಿಯಬಾರದು.

ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, ಹೀಗೆ 3 ವಾರ. ಹಾಲು ಕುಡಿದು ಚೆನ್ನಾಗಿ ಬೆಳೆಯುತ್ತಿರುವ ಕೂಸು ಇಷ್ಟು ಅತ್ತರೆ ಅದನ್ನು 'ಕೋಲಿಕ್' ಅನ್ನಬೇಕೆಂದು ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ 1954ರಲ್ಲಿ ಬರೆದರು. ಅದಕ್ಕೆ ಇಂಥದ್ದೇ ಕಾರಣ ಎಂದು ಇಂದಿಗೂ ಖಚಿತವಾಗಿಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

"ಎತ್ತಿ ಎತ್ತಿ ರೂಢಿ ಮಾಡಬ್ಯಾಡ" ಎಂದು ಗದರುವವರಿಗೆ ಒಂದು ಮಾತು. ಕೆನಡಾದಲ್ಲಿ ಕೆಲವು ಕೂಸುಗಳನ್ನು ದಿನಕ್ಕೆ ಒಂದಷ್ಟು ಗಂಟೆ ಹೆಚ್ಚಾಗಿ ಎತ್ತಿಕೊಂಡು ನೋಡಿದರು. ಆರನೇ ವಾರದಲ್ಲಿ ಆ ಕೂಸುಗಳ ಅಳು ಉಳಿದವಕ್ಕಿಂತ ಶೇ 43ರಷ್ಟು ಕಡಿಮೆಯಿತ್ತು. ಇದು 1986ರ ಅಧ್ಯಯನ. ಎತ್ತಿಕೊಳ್ಳಿ.

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಕೈಯಲ್ಲಿ. ಹಳೆಯ ಪಾಕದಲ್ಲಿ ಮದ್ಯಸಾರವೂ ಇತ್ತು. ಈಗಿನದರಲ್ಲಿ ಅದಿಲ್ಲದಿದ್ದರೂ ಆರು ತಿಂಗಳವರೆಗೆ ಕೂಸಿಗೆ ಎದೆಹಾಲೊಂದೇ ಸಾಕು. ಜೇನು ಒಂದು ವರ್ಷದವರೆಗೆ ಬೇಡ.

ಏಪ್ರಿಲ್–ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಲೂ ಕುಂಚಿಗೆ ಕಟ್ಟಿ, ದುಪ್ಪಟಿ ಸುತ್ತಿ, ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಮಲಗಿಸಿದರೆ ಕೂಸು ಸೆಖೆಗೇ ಅಳುತ್ತದೆ. ತೆಳ್ಳನೆ ಅರಿವೆ ಸಾಕು. ನೀರು ಕುಡಿಸಬೇಡಿ, ಹಾಲನ್ನೇ ಹೆಚ್ಚು ಸಲ ಕೊಡಿ. ಎದೆಹಾಲಿನಲ್ಲಿ ಹೆಚ್ಚುಕಡಿಮೆ ಶೇ 88ರಷ್ಟು ನೀರೇ ಇದೆ.

ಇನ್ನು ನಿಜವಾಗಿ ಹೆದರಬೇಕಾದ ಅಳು. ಅದು ಓಣಿಗೆಲ್ಲ ಕೇಳುವ ಅಳುವಲ್ಲ. ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ದನಿ ಮಾತ್ರ ಇಲ್ಲ. ಅಥವಾ ಗೊಗ್ಗರು. ಜೊತೆಗೆ ಏದುಸಿರು, ವಾಂತಿ, ಹಾಲು ಬೇಡ ಎನ್ನುವುದು. ಎರಡು–ನಾಲ್ಕು ತಿಂಗಳ ಕೂಸಿನಲ್ಲಿ ಇದು ಬಿ–1 ಜೀವಸತ್ವದ, ಅಂದರೆ ಥಯಾಮಿನ್‌ನ ಕೊರತೆಯಾಗಿರಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಅನೇಕ ಕೂಸುಗಳನ್ನು ನೋಡಿ ವರದಿ ಮಾಡಿದ್ದಾರೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯ ಸೋಲುತ್ತಿದ್ದ ಆ ಕೂಸುಗಳಲ್ಲಿ ಬಹುಪಾಲು ಥಯಾಮಿನ್ ಕೊಟ್ಟ ಒಂದೆರಡು ದಿನದಲ್ಲೇ ಚೇತರಿಸಿಕೊಂಡವು. ತಾಯಂದಿರು ಪಥ್ಯದಲ್ಲಿದ್ದರು, ಪಾಲಿಶ್ ಅಕ್ಕಿಯ ಅನ್ನವೇ ಅವರ ಊಟವಾಗಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೀಮೆಯೇ. ಮಾನ್ವಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ನೀರು ಬಂತು, ಭತ್ತ ಬಂತು, ಜೋಳದ ಹೊಲ ಗದ್ದೆಯಾಯಿತು. ಎಷ್ಟೋ ಮನೆಗಳಲ್ಲಿ ಬಾಣಂತಿಯ ತಾಟಿನಲ್ಲಿ ಬೆಳ್ಳನೆ ಅನ್ನ, ತುಪ್ಪ, ಬೆಳ್ಳುಳ್ಳಿ. "ಬ್ಯಾಳಿ ಬ್ಯಾಡ, ಕಾಯಿಪಲ್ಯ ಬ್ಯಾಡ, ಕೂಸಿಗೆ ವಾಯು ಆಗ್ತದ." ಪಾಲಿಶ್ ಮಾಡಿದಾಗ ಥಯಾಮಿನ್ ತೌಡಿನ ಜೊತೆ ಹೋಗುತ್ತದೆ, ಉಳಿದದ್ದರಲ್ಲಿ ಒಂದಷ್ಟು ತೊಳೆದ ನೀರು, ಬಸಿದ ಗಂಜಿಯ ಜೊತೆ ಚೆಲ್ಲಿಹೋಗುತ್ತದೆ. ಬಾಣಂತಿಗೆ ಕೈಕಾಲು ಜೋಮು ಹಿಡಿಯುತ್ತಿದ್ದರೆ ಅದೂ ಇದರ ಸೂಚನೆಯಿರಬಹುದು, ವೈದ್ಯರಿಗೆ ಹೇಳಿ. ಅತ್ತೆಯರಲ್ಲಿ, ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಆಕೆಗೆ ಜೋಳದ ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ, ಸೊಪ್ಪು ಬಡಿಸಿ.

ಅಳು ನಿಲ್ಲಿಸಲು ಹೊಟ್ಟೆಗೆ ಬರೆ ಹಾಕುವುದು ಯಾವ ರೋಗಕ್ಕೂ ಮದ್ದಲ್ಲ. ಗಾಯ ಕೀವಾಗಿ ನಂಜೇರಿದರೆ ಕೂಸು ಉಳಿಯುವುದೇ ಕಷ್ಟ. ಇದು ಹಿಂಸೆ, ನಿಲ್ಲಬೇಕು.

ಮಾತು ಬಾರದ ಕೂಸಿನ ನೋವು ಗುರುತಿಸುವುದಕ್ಕೆಂದೇ ಕಾಶ್ಯಪ ಸಂಹಿತೆಯಲ್ಲಿ 'ವೇದನಾಧ್ಯಾಯ' ಎಂಬ ಅಧ್ಯಾಯವಿದೆ. ಕಿವಿನೋವಾದ ಕೂಸು ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ, ಹೊಟ್ಟೆನೋವಾದದ್ದು ಮೊಲೆ ಬಿಡುತ್ತದೆ ಎಂದು ಅದು ಹೇಳುತ್ತದೆ. ನೀವೂ ಅಂಗಿ ಬಿಚ್ಚಿ ಅಡಿಯಿಂದ ಮುಡಿಯವರೆಗೆ ನೋಡಿ. ಬಾಣಂತಿಯ ಉದುರಿದ ಕೂದಲೆಳೆ ಕಾಲ್ಬೆರಳಿಗೆ ಸುತ್ತಿಕೊಂಡು ಬೆರಳು ಬಾತಿರುತ್ತದೆ. ಉಡದಾರ ಬಿಗಿದಿರುತ್ತದೆ. ತೊಡೆಸಂದಿಯಲ್ಲಿ ಗಟ್ಟಿ ಗಂಟು ಕಂಡರೆ ಹರ್ನಿಯಾ ಇರಬಹುದು, ತಡಮಾಡಬೇಡಿ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ. ಹಸಿರು ವಾಂತಿ, ಉಬ್ಬಿದ ನೆತ್ತಿ, ಫಿಟ್ಸ್, ಕೀರಲು ಅಳು, ಎಬ್ಬಿಸಿದರೂ ಏಳದ ಮಂಪರು, ಎರಡು ತಿಂಗಳೊಳಗಿನ ಕೂಸಿನಲ್ಲಿ ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಇವಕ್ಕೂ ಅಷ್ಟೇ. ಕಾಲು ಮಡಚಿ ಕಿರುಚುವುದು, ಸುಮ್ಮನಾಗುವುದು, ಕಾಲು ಗಂಟೆಗೆ ಮತ್ತೆ ಕಿರುಚುವುದು, ಮಲದಲ್ಲಿ ರಕ್ತ: ಕರುಳೊಳಗೆ ಕರುಳು ಸಿಕ್ಕಿರಬಹುದು. ದೇವದುರ್ಗದಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಚಿಕಿತ್ಸೆ, ಹೋಗಿಬರುವ ವಾಹನ ಉಚಿತ.

ನಡುರಾತ್ರಿ ಸಿಟ್ಟು ನೆತ್ತಿಗೇರಿದರೆ ಕೂಸನ್ನು ಅಲುಗಾಡಿಸಬೇಡಿ. ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತ ಒಸರುತ್ತದೆ. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಪಡಸಾಲೆಯಲ್ಲಿ ಕುಳಿತು ಬನ್ನಿ. ಬಾಣಂತಿಗೇ ಅಳು ತಡೆಯದಾದರೆ ಟೆಲಿ–ಮಾನಸ್ ಸಹಾಯವಾಣಿ 14416 ಇದೆ.

ಆಸ್ಪತ್ರೆಗೆಂದು ಮಾನ್ವಿಯ ಬಸ್ಸು ಹತ್ತಿದ ಕೂಡಲೇ ಕೂಸು ಸುಮ್ಮನಾಗಿಬಿಡುತ್ತದೆ. ವೈದ್ಯರ ಮುಂದೆ ನಗುತ್ತದೆ. ಹಾಗಾಗಿ ಅದು ಅಳುವಾಗಲೇ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಕೊಳ್ಳಿ, ಎದೆ ಮತ್ತು ಹೊಟ್ಟೆ ಕಾಣುವ ಹಾಗೆ, ದನಿ ಕೇಳುವ ಹಾಗೆ.