ಬಂಗಾರ ಮುಗಿದ ಊರಿನಲ್ಲಿ ಒಂದು ದಿನ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಸುಮಾರು 70 ಕಿಲೋಮೀಟರು ರೈಲಿನಲ್ಲಿ ಸಾಗಿದರೆ ಬಂಗಾರಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಒಮ್ಮೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರೇ ಕೋಲಾರದ ಚಿನ್ನದ ಗಣಿಗಳಿಗೆ ಹೆಬ್ಬಾಗಿಲು. ಇಲ್ಲಿ ಕವಲೊಡೆದ ರೈಲುಹಾದಿ ಕೋರಮಂಡಲ, ಊರಿಗಾಂ, ಚಾಂಪಿಯನ್‌ಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಕೆಲಸಕ್ಕೆ ಕೈಯಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಬಂದುದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡುದು ಅನಂತರ, 1905ರಲ್ಲಿ! ಆದರೆ ಆ ವೈಭವದ ಬೆಲೆ ತೆತ್ತವರು ಯಾರು? ತಮಿಳು, ತೆಲುಗು ನಾಡುಗಳಿಂದ ಬಂದ ಸಹಸ್ರಾರು ಶ್ರಮಜೀವಿಗಳು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬಂಡೆಯೇ ಕಾದಿರುವ ಸುರಂಗಗಳಲ್ಲಿ ಅವರು ದುಡಿದರು. ಒತ್ತಡ ತಾಳದೆ ಬಂಡೆ ಸಿಡಿದಾಗ ಮಡಿದವರೂ ಉಂಟು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಪ್ರವಾಸಿಗನಿಗೆ ಸುರಂಗದೊಳಗೆ ಪ್ರವೇಶವಿಲ್ಲ. ಅವನಿಗೆ ಕಾಣುವುದು ಬಾವಿಗಳ ಮೇಲಿನ ತುಕ್ಕುಹಿಡಿದ ಉಕ್ಕಿನ ಗೋಪುರಗಳು, ದೊರೆಗಳ ವಿಶಾಲ ಬಂಗಲೆಗಳು, ಅನತಿದೂರದಲ್ಲಿಯೇ ಕಾರ್ಮಿಕರ ಇಕ್ಕಟ್ಟಾದ ಲೈನ್ ಮನೆಗಳು. ಇವೆಲ್ಲದರ ನಡುವೆ, ಚಿನ್ನ ತೆಗೆದುಕೊಂಡು ಬಿಸುಟ ಪುಡಿಯ ಗುಡ್ಡಗಳು. ಊರವರು ಇವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಎದ್ದರೆ ಅದರ ಧೂಳು ಮನೆಮನೆಗೂ ನುಗ್ಗುತ್ತದೆ. ಚಿನ್ನ ದೇಶಾಂತರ ಹೋಯಿತು, ಧೂಳು ಇಲ್ಲಿಯೇ ಉಳಿಯಿತು.

ಸಮೀಪದ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರನ ಸನ್ನಿಧಿಯಿದೆ. ಲೆಕ್ಕಕ್ಕೆ ಸಿಕ್ಕದಷ್ಟು ಲಿಂಗಗಳ ನಡುವೆ 108 ಅಡಿ ಎತ್ತರದ ಮಹಾಲಿಂಗ ತಲೆಯೆತ್ತಿ ನಿಂತಿದೆ. ದರ್ಶನ ಮುಗಿಸಿ ಸಂಜೆಗೆ ಬಂಗಾರಪೇಟೆಗೆ ಮರಳಿದರೆ, ಅಲ್ಲಿನ ಹೆಸರಾಂತ ಪಾನಿಪೂರಿ ಕಾದಿರುತ್ತದೆ. ಇದರ ಪಾನಿಗೆ ಬಣ್ಣವೇ ಇಲ್ಲ, ಬಾವಿಯ ನೀರಿನಂತೆ ತಿಳಿ. ಇದೇನು ಸಪ್ಪೆಯೆಂದು ಉಪೇಕ್ಷಿಸಿ ಬಾಯಿಗಿಟ್ಟವನ ಕಣ್ಣಲ್ಲಿ ಮರುಕ್ಷಣವೇ ನೀರು!

ಆದರೆ ಈ ಊರಿನ ನಿಜವಾದ ದರ್ಶನವಾಗಬೇಕಾದರೆ ಒಂದು ರಾತ್ರಿ ತಂಗಿ, ಬೆಳಗಿನ ರೈಲನ್ನು ಹಿಡಿಯಬೇಕು. ಬುತ್ತಿಯ ಚೀಲ ಹಿಡಿದ ಸಹಸ್ರಾರು ಜನ ಕತ್ತಲೆಯಲ್ಲಿಯೇ ಹೊರಟು ಬೆಂಗಳೂರಿನ ದುಡಿಮೆಗೆ ಧಾವಿಸುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ತಾತ ಹೊಟ್ಟೆಪಾಡಿಗಾಗಿ ಭೂಮಿಯ ಆಳಕ್ಕಿಳಿದ. ಮೊಮ್ಮಗ ಅದಕ್ಕಾಗಿಯೇ ರೈಲು ಹತ್ತುತ್ತಾನೆ. ಬೆಂಗಳೂರಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ಊರಿಗೆ ಇಂದು ಬೆಂಗಳೂರೇ ಅನ್ನದಾತ. ವಾಚಕರೇ, ಆ ರೈಲಿನಲ್ಲಿ ನಿಮ್ಮ ಪಕ್ಕದಲ್ಲಿ ಯಾರಾದರೂ ತೂಕಡಿಸುತ್ತಿದ್ದರೆ, ದಯವಿಟ್ಟು ಕೊಂಚ ಸರಿದು ಜಾಗ ಕೊಡಿ.